ಆಷಾಢಕ್ಕೆ ಮುಂಚೆ ಹಾಕಿದ ಕಟ್ಟೆ

ನೈರೋಬಿಯಲ್ಲಿ ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ ಬಿಸಿಲು ಅಪರೂಪ. ಇಲ್ಲಿನ ಮನೆಗಳನ್ನು ಚಳಿ ನೆನಪಿಟ್ಟುಕೊಂಡು ಕಟ್ಟಿರುವುದಿಲ್ಲ. ಕಿಟಕಿಗಳ ಮೇಲಿನ ಕಿಂಡಿಗಳಿಂದ ಥಂಡಿ ನೇರ ಒಳಗೆ ಇಳಿಯುತ್ತದೆ. ಮೊದಲೆಲ್ಲ ನಾವು ಜೀಕೊ ಎಂಬ ಇದ್ದಿಲಿನ ಒಲೆ ಹೊತ್ತಿಸಿ ಹಾಲ್‌ನಲ್ಲಿ ಇಡುತ್ತಿದ್ದೆವು. ಅಪ್ಪನ ಶ್ವಾಸಕೋಶ ಕೆಟ್ಟ ಮೇಲೆ ಡಾಕ್ಟರು ಹೊಗೆಯೂ ಕೂಡದು, ಥಂಡಿಯೂ ಕೂಡದು ಎಂದರು. ಮನೆ ಬೆಚ್ಚಗಿಡಲು ಆಗದಿದ್ದರೆ ಈ ಚಳಿಗೆ ಅವರನ್ನು ನೈರೋಬಿಯಲ್ಲಿ ಇಟ್ಟುಕೊಳ್ಳಬೇಡಿ ಎಂದೂ ಸೇರಿಸಿದರು.

ಅಪ್ಪ ಮೂವತ್ತು ವರ್ಷ ಇಲ್ಲಿ ಪಾಠ ಮಾಡಿದವರು. ಬೇರೆಲ್ಲೂ ಹೋಗುವ ಮನಸ್ಸಿರಲಿಲ್ಲ.

ಇದ್ದಿಲಿನ ಒಲೆ ಬಿಟ್ಟುಬಿಡುವ ಮನೆಗಳಿಗೆ ಹೀಟ್ ಪಂಪ್ ಹಾಕಿಸಲು ಅನುದಾನ ಕೊಡುವ ಯೋಜನೆಯೊಂದು ನನ್ನ ಕಣ್ಣಿಗೆ ಬಿತ್ತು. ಹೊರಗಿನ ಗಾಳಿಯಿಂದಲೇ ಶಾಖ ತೆಗೆದು ಕೋಣೆಗೆ ಬಿಡುವ ಯಂತ್ರ ಅದು. ಅನುದಾನವಿಲ್ಲದೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಕಟ್ಟಡದ ಅನುಮತಿ ಅರ್ಜಿಗಳನ್ನು ಪರಿಶೀಲಿಸುವುದೇ ನನ್ನ ಕೆಲಸವಾದ್ದರಿಂದ ನಿಯಮಗಳನ್ನು ಮೂರು ಸಲ ಓದಿದೆ. ಯಂತ್ರದ ಹೊರಗಿನ ಪೆಟ್ಟಿಗೆ ಪಕ್ಕದ ಮನೆಯ ಗೋಡೆಯಿಂದ ಒಂದು ಮೀಟರ್ ದೂರ, ಕಾಂಕ್ರೀಟ್ ಕಟ್ಟೆಯ ಮೇಲೆ ಇರಬೇಕು. ಬಡಾವಣೆಯ ಸಮಿತಿ ಒಪ್ಪಬೇಕು. ಮಂಜೂರಾತಿ ಪತ್ರ ಬರುವ ಮುಂಚೆ ಯಾವ ಕೆಲಸವನ್ನೂ ಆರಂಭಿಸಕೂಡದು. ಸಮಿತಿಯ ಒಪ್ಪಿಗೆ ಸಿಕ್ಕಿತು. ತನಿಖೆಗೆ ಬರುವವರಿಗಾಗಿ ಕಾಯುತ್ತಿದ್ದೆವು.

ಆಷಾಢಕ್ಕೆ ಇನ್ನು ನಾಲ್ಕು ದಿನವಿತ್ತು.

"ಆಷಾಢದಲ್ಲಿ ಮನೆಗೆ ಹೊಸದೇನೂ ಮಾಡಿಸಲ್ಲ ಕಣೇ," ಎಂದರು ಅಮ್ಮ. "ಶ್ರಾವಣದವರೆಗೆ ಕಾದರೆ ಚಳಿಯೇ ಮುಗೀತಾ ಬಂದಿರುತ್ತೆ. ಈ ಗುರುವಾರ ಒಳ್ಳೇ ದಿನ. ಬರೀ ಕಟ್ಟೆ ಹಾಕಿಸಿ ಪೂಜೆ ಮಾಡಿಬಿಟ್ರೆ ಶುರು ಆದ ಲೆಕ್ಕ. ಆಮೇಲೆ ಮಿಷನ್ ಯಾವಾಗಲಾದ್ರೂ ಬರಲಿ."

ಅಪ್ಪ ಸೋಫಾದಿಂದಲೇ ನಕ್ಕರು. "ನಿಮ್ಮಮ್ಮನ ಪಂಚಾಂಗಕ್ಕೂ ಅವರ ನಿಯಮಕ್ಕೂ ಜಾತಕ ಕೂಡಿಬರುತ್ತೇನಮ್ಮಾ?"

ಆಗ ಬೇಡ ಎನ್ನಬೇಕಿದ್ದವಳು ನಾನು. ಒಂದು ಚಪ್ಪಡಿ ಸಿಮೆಂಟು ನಿಯಮದ ಲೆಕ್ಕಕ್ಕೆ ಕೆಲಸವೇನಲ್ಲ, ಬಿಡಿ ಅಂದೆ. ಅಮ್ಮನ ಮುಖದಲ್ಲಿ ಎಷ್ಟೋ ವಾರಗಳಿಂದ ಕಾಣದ ಉತ್ಸಾಹವಿತ್ತು.

ಗುರುವಾರ ಗಾರೆಯವನು ಬಂದು ಕಟ್ಟೆ ಹಾಕಿದ. ಅಮ್ಮ ಅರಿಸಿನ ಕುಂಕುಮ ಇಟ್ಟು, ಗೇಟಿನ ಬಳಿಯ ಹೂ ಕಿತ್ತು ಏರಿಸಿ, ತೆಂಗಿನಕಾಯಿ ಒಡೆದರು. ತನಿಖೆಯ ಅಧಿಕಾರಿ ಬಂದದ್ದು ಸೋಮವಾರ. ಬಹಳ ಸೌಜನ್ಯದ ಮನುಷ್ಯ. ಅಮ್ಮ ಕೊಟ್ಟ ಕಾಫಿ ಕುಡಿದು, ಹಿಂದಿನ ಅಂಗಳಕ್ಕೆ ಹೋಗಿ, ಕಟ್ಟೆಯ ಮುಂದೆ ನಿಂತರು.

"ಮಾಮಾ, ಇದೇನು?" ಎಂದು, ಇಲ್ಲಿನವರು ತಾಯಂದಿರನ್ನು ಕರೆಯುವಂತೆ ಕರೆದು, ಅಮ್ಮನನ್ನು ಕೇಳಿದರು.

"ಬರಾಕಾ," ಎಂದರು ಅಮ್ಮ, ಆಶೀರ್ವಾದ ಎಂಬ ಸ್ವಾಹಿಲಿ ಪದ ಹುಡುಕಿ, ಹೆಮ್ಮೆಯಿಂದ.

"ತುಂಬಾ ಚೆನ್ನಾಗಿದೆ," ಎಂದರು ಆತ, ಮತ್ತು ಫೋಟೋ ತೆಗೆದುಕೊಂಡರು.

ಪತ್ರ ಹತ್ತು ದಿನಗಳ ಮೇಲೆ ನನ್ನ ಇಮೇಲಿಗೆ ಬಂತು. ಮಂಜೂರಾತಿಗೆ ಮುಂಚೆ ಕೆಲಸ ಆರಂಭವಾಗಿದೆ, ಅರ್ಜಿ ತಿರಸ್ಕೃತ, ಮುಂದಿನ ವರ್ಷ ಮತ್ತೆ ಹಾಕಬಹುದು. ಜೊತೆಗೆ ಆ ಫೋಟೋ. ಕುಂಕುಮದ ಬಣ್ಣ ಸ್ಪಷ್ಟವಾಗಿ ಬಂದಿತ್ತು.

ಅಪ್ಪ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಎರಡು ಸಲ ಓದಿದರು. ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆ ಹಾಕುತ್ತಿದ್ದರು.

"ಅವಳಿಗೆ ಹೇಳಬೇಡ," ಎಂದರು ಮೆಲ್ಲಗೆ. "ಅವರ ಹತ್ತಿರ ಹಣ ಮುಗೀತಂತೆ ಅನ್ನು. ಅಷ್ಟು ಸಾಕು."

"ಅಪ್ಪಾ, ತಪ್ಪು ನನ್ನದು. ನಾನು ಓದಿದ್ದೆ."

"ಗೊತ್ತು. ಅದನ್ನೂ ಹೇಳಬೇಡ."

ಜುಲೈಯಲ್ಲಿ ಅವರ ಕೆಮ್ಮು ಜೋರಾಯಿತು. ಸಮುದ್ರದ ಸೆಕೆಗೆ ಸರಿಹೋಗಬಹುದೆಂದು ಮೊಂಬಾಸಾದಲ್ಲಿರುವ ಸೋದರತ್ತೆಯ ಮನೆಗೆ ಕರೆದೊಯ್ದೆವು. ರೈಲಿನಲ್ಲಿ ಅಪ್ಪ ಕಿಟಕಿಯ ಕಡೆ ತಿರುಗಿಯೇ ಕೂತಿದ್ದರು. ಮೂರನೇ ವಾರ ಅಲ್ಲೇ ತೀರಿಕೊಂಡರು.

ನಾವು ವಾಪಸು ಬಂದ ಮೇಲೆ ಜನ ಬರತೊಡಗಿದರು. ಅಪ್ಪನ ಜೊತೆ ಪಾಠ ಮಾಡಿದ್ದ ಮಂಗಳೂರಿನ ಹಿರಿಯರೊಬ್ಬರು, ಕೋಟು ಬಿಚ್ಚದೆ ಕೂತು, ಇಷ್ಟು ವರ್ಷ ಇದ್ದ ಮನೆಯಲ್ಲೇ ಹೋಗಬೇಕಿತ್ತು ಪಾಪ, ಎಂದರು.

"ಇಲ್ಲೇ ಇರ್ತಿದ್ರು," ಎಂದರು ಅಮ್ಮ. "ಆ ಹೀಟ್ ಪಂಪ್ ಬಂದಿದ್ರೆ. ನಾವು ಒಳ್ಳೇ ದಿನ ನೋಡಿ ಪೂಜೆನೂ ಮಾಡಿದ್ವಿ. ಏನ್ಮಾಡೋದು, ಅವರ ಹತ್ರ ಹಣವೇ ಮುಗಿದು ಹೋಯ್ತು." ಆಮೇಲೆ ನನ್ನ ಕಡೆ ತಿರುಗಿದರು. "ಅಲ್ವೇನೇ?"

ನಾನು ಕಾಫಿ ಲೋಟಗಳನ್ನು ತಟ್ಟೆಗೆ ಎತ್ತಿಡುತ್ತಿದ್ದೆ.

"ಹೌದಮ್ಮ," ಅಂದೆ.