ಬೂಂದಿ ಮತ್ತು ಹನ್ನೊಂದು ನೀಲಿ ಬಾಟಲಿಗಳು

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮೊನ್ನೆ ಫಿನಾಯಿಲ್ ವಾಸನೆ ಮುಖಕ್ಕೇ ರಾಚಿತು. ಯಾರದೋ ಮನೆಯ ನಾಯಿಮರಿ ಒಳಗೇ ತನ್ನ ಕೆಲಸ ಮುಗಿಸಿತ್ತಂತೆ. ರಾಜರಾಜೇಶ್ವರಿನಗರದ ಈ ಕಟ್ಟಡದಲ್ಲಿ ಇಂಥದ್ದಕ್ಕೆಲ್ಲ ಸಭೆ ಸೇರುತ್ತಾರೆ, ಜಗಳವಾಡುತ್ತಾರೆ, ಚಹಾ ಕುಡಿದು ಮತ್ತೆ ಜಗಳವಾಡುತ್ತಾರೆ. ನಾನೂ ಒಂದಿಷ್ಟು ಸಿಟ್ಟಾಗಬೇಕಿತ್ತು. ಆದರೆ ಆ ವಾಸನೆಯನ್ನು ಇನ್ನೊಮ್ಮೆ ಎಳೆದುಕೊಳ್ಳುತ್ತ, ನನ್ನ ಮಹಡಿ ಬಂದರೂ ಇಳಿಯದೆ, ತುದಿಯವರೆಗೆ ಹೋಗಿ ಮತ್ತೆ ಕೆಳಗಿಳಿದು ಬಂದೆ. ಫಿನಾಯಿಲ್ ಮೂಸಲು ಲಿಫ್ಟಿನಲ್ಲಿ ಸುತ್ತಾಡುವ ಮನುಷ್ಯನನ್ನು ನೀವು ನೋಡಿರಲಾರಿರಿ. ಅದಕ್ಕೇ ಕಾರಣ ಹೇಳಿಬಿಡುತ್ತೇನೆ.

ನಾವು ಬಸವೇಶ್ವರನಗರದಲ್ಲಿ ಬಾಡಿಗೆಗಿದ್ದ ದಿನಗಳ ಮಾತು ಇದು. ವರ್ಷ ಎರಡು ಸಾವಿರದ ಆರೋ ಏಳೋ, ನೆನಪಿಲ್ಲ. ಹೆಲ್ಮೆಟ್ ಇಲ್ಲದವರನ್ನು ಪೊಲೀಸರು ಮೂಲೆಮೂಲೆಯಲ್ಲಿ ಹಿಡಿಯತೊಡಗಿದ್ದ ಕಾಲ ಎನ್ನುವುದು ಮಾತ್ರ ಖಚಿತ, ಏಕೆಂದರೆ ಈ ಕಥೆ ಶುರುವಾಗುವುದೇ ನನ್ನ ಹೆಲ್ಮೆಟ್ಟಿನಿಂದ. ಒಂದು ಸಂಜೆ ಕಾಲೇಜಿನಿಂದ ಬರುವಾಗ ಕುರುಬರಹಳ್ಳಿಯ ಹತ್ತಿರ ರಸ್ತೆ ಅಗೆದಿದ್ದರು. ಸ್ಕೂಟರ್ ನಿಲ್ಲಿಸಿ ದಾರಿ ಹುಡುಕುತ್ತಿದ್ದಾಗ ಮರಳಿನ ಗುಡ್ಡೆಯ ಮೇಲೆ ಒಂದು ನಾಯಿಮರಿ ಕಂಡಿತು. ಬಿಳಿ ಮೈ, ಅದರ ಮೇಲೆ ಅಲ್ಲಲ್ಲಿ ಹಳದಿ ಚುಕ್ಕೆ. ಯಾಕೆ ಎತ್ತಿಕೊಂಡೆ ಎಂದು ಇವತ್ತಿಗೂ ಗೊತ್ತಿಲ್ಲ. ಹೆಲ್ಮೆಟ್ಟನ್ನು ಬುಟ್ಟಿಯ ಹಾಗೆ ಮುಂದೆ ಇಟ್ಟುಕೊಂಡು, ಅದರೊಳಗೆ ಮರಿಯನ್ನು ಕೂರಿಸಿಕೊಂಡು, ಬರಿತಲೆಯಲ್ಲಿ ಮನೆಗೆ ಬಂದೆ. ಪೊಲೀಸರು ಹಿಡಿಯಲಿಲ್ಲ. ಆದರೆ ಮರಿ ತನ್ನ ಮೊದಲ ಒಂದಕ್ಕೆಯನ್ನು ಆ ಹೆಲ್ಮೆಟ್ಟಿಗೇ ಅರ್ಪಿಸಿತ್ತು. ಮೂರು ಸಲ ತೊಳೆದು ಅದನ್ನೇ ಮತ್ತೆರಡು ವರ್ಷ ಹಾಕಿಕೊಂಡೆ ಎನ್ನುವುದನ್ನು ನಿಮಗಲ್ಲದೆ ಬೇರೆ ಯಾರಿಗೂ ಹೇಳಿಲ್ಲ.

ನನ್ನ ಹೆಂಡತಿ ಸುಮಾ ಅದನ್ನು ಒಂದು ಕ್ಷಣ ನೋಡಿ, "ಥೇಟ್ ಬೂಂದಿ ಚೆಲ್ಲಿದ ಹಾಗಿದಾಳೆ" ಎಂದಳು. ಅಲ್ಲಿಗೆ ನಾಮಕರಣವೂ ಮುಗಿಯಿತು, ಮರಿ ಹೆಣ್ಣು ಎನ್ನುವುದೂ ಇತ್ಯರ್ಥವಾಯಿತು.

ನಮ್ಮದು ಮೊದಲ ಮಹಡಿ. ಕೆಳಗೆ ಮನೆಯ ಒಡತಿ ಗೌರಮ್ಮ. ದಾವಣಗೆರೆ ಕಡೆಯವರು. ಬೆಳಕು ಹರಿಯುವ ಮೊದಲೇ ಎದ್ದು ನಮ್ಮ ಬಾಗಿಲಿನಿಂದ ಗೇಟಿನವರೆಗೆ ಪ್ರತಿ ಮೆಟ್ಟಿಲನ್ನೂ ತಾವೇ ತೊಳೆದು, ಕೊನೆಯ ಮೆಟ್ಟಿಲ ಮೇಲೆ ರಂಗೋಲಿ ಎಳೆದು, ಸ್ನಾನ ಮಾಡಿ ಲಿಂಗಪೂಜೆಗೆ ಕೂರುತ್ತಿದ್ದರು. ಮೂರು ವರ್ಷದಲ್ಲಿ ಒಂದು ಕಟುಮಾತು ಆಡಿದವರಲ್ಲ. ರೊಟ್ಟಿ ಮಾಡಿದ ದಿನ ಎರಡು ನಮಗೂ ಬರುತ್ತಿದ್ದವು. ಬೂಂದಿ ಬಂದ ಎರಡನೇ ವಾರ, ಅವರು ಆಗಷ್ಟೇ ತೊಳೆದ ಮೆಟ್ಟಿಲ ಮೇಲೆ ಒಂದು ಸಣ್ಣ ಕೆರೆ ಕಾಣಿಸಿಕೊಂಡಾಗ ನನ್ನನ್ನು ಕೆಳಗೆ ಕರೆದರು.

"ಮೇಷ್ಟ್ರೇ, ಮೂಕಪ್ರಾಣಿ ಅಂತ ನಂಗೂ ಗೊತ್ತೈತ್ರಿ. ಸಣ್ಣದೈತಿ, ಕಲೀತೈತಿ. ಶಿವರಾತ್ರಿ ತನಕ ನೋಡೋಣಂತೆ. ಆವಾಗ ನಮ್ಮ ಬೀಗರು ಬರ್ತಾರೆ. ಅಷ್ಟ್ರಾಗೆ ಕಲೀದಿದ್ರೆ ಎಲ್ಲಾದ್ರೂ ಬಿಟ್ಟು ಬರ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಶಿವರಾತ್ರಿಗೆ ಎರಡು ತಿಂಗಳಿತ್ತು. ಎರಡು ತಿಂಗಳಲ್ಲಿ ನಾನು ಮಕ್ಕಳಿಗೆ ಇಡೀ ಬೆಳಕಿನ ಅಧ್ಯಾಯ ಮುಗಿಸುತ್ತಿದ್ದವನು, ಭೌತಶಾಸ್ತ್ರದ ಮೇಷ್ಟ್ರು. ಒಂದು ನಾಯಿಮರಿಗೆ ಹೊರಗೆ ಹೋಗುವುದನ್ನು ಕಲಿಸಲಾರೆನೇ ಎಂದುಕೊಂಡೆ. ಜೊತೆಗೆ ಹೆದರಿಕೆಯೂ ಆಯಿತು. ನಾನು ಉತ್ತರಪತ್ರಿಕೆ ತಿದ್ದಲು ಕೂತರೆ ಬೂಂದಿ ಬಂದು ನನ್ನ ಬಲಪಾದದ ಮೇಲೆ ಗಲ್ಲವಿಟ್ಟು ಮಲಗುತ್ತಿದ್ದಳು. ಜೋಮು ಹಿಡಿದರೂ ಕಾಲು ತೆಗೆಯುತ್ತಿರಲಿಲ್ಲ ನಾನು. ಅವಳು ನನಗೆ ಬೇಕಾಗಿದ್ದಳು. ಬಹಳ ಬೇಕಾಗಿದ್ದಳು.

ನಾಯಿಮರಿಯ ಶೌಚದ ವಿಷಯದಲ್ಲಿ ಇಡೀ ಬೆಂಗಳೂರಿಗೆ ಅಭಿಪ್ರಾಯಗಳಿವೆ. ಸ್ಟಾಫ್ ರೂಮಿನಲ್ಲಿ ಒಬ್ಬರು, ಮಾಡಿದ ಜಾಗದಲ್ಲೇ ಅದರ ಮೂಗು ತಿಕ್ಕಿ ಎಂದರು. ಇನ್ನೊಬ್ಬರು, ಅಯ್ಯೋ ಹಾಗೆಲ್ಲ ಮಾಡಿದರೆ ಅದರ ಮನಸ್ಸು ಕೆಡುತ್ತದೆ, ಪೇಪರ್ ಹಾಸಿ ಎಂದರು. ಪೇಪರ್ ಹಾಸಿದೆ. ಬೂಂದಿ ಅದರ ಮೇಲೆ ಅಚ್ಚುಕಟ್ಟಾಗಿ ಮಲಗಿ, ಎದ್ದು, ಪಕ್ಕದ ನೆಲದ ಮೇಲೆ ಮಾಡಿದಳು. ನಾವು ತರಿಸುವ ಪತ್ರಿಕೆಯ ಬಗ್ಗೆ ಅವಳಿಗೆ ನಮಗಿಂತ ಹೆಚ್ಚು ಗೌರವವಿತ್ತು. ಪಶುವೈದ್ಯರು, ಎರಡು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಿರಿ ಎಂದರು. ಕಾಲೇಜಿಗೆ ಹೋಗುವವನು ಎರಡು ಗಂಟೆಗೊಮ್ಮೆ ಹೇಗೆ ಕರೆದೊಯ್ಯಲಿ? ಬೆಳಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಎಂದು ನಾನೇ ವೇಳಾಪಟ್ಟಿ ಮಾಡಿದೆ. ಬೂಂದಿಗೆ ವೇಳಾಪಟ್ಟಿ ತಿಳಿಸುವುದು ಹೇಗೆಂದು ಮಾತ್ರ ಹೊಳೆಯಲಿಲ್ಲ.

ಎದುರಿಗೆ ಒಂದು ಖಾಲಿ ಸೈಟಿತ್ತು. ಬೆಳಗಿನ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಅಲ್ಲಿ ನಿಂತು, "ಮಾಡು ಪುಟ್ಟಾ, ಮಾಡು" ಎನ್ನುತ್ತಿದ್ದೆ. ಒಂದು ದಿನ ಹಾಲಿನವನು ಸೈಕಲ್ ನಿಲ್ಲಿಸಿ ಸುತ್ತ ನೋಡಿದ. ಬೂಂದಿ ಪಾರ್ಥೇನಿಯಂ ಗಿಡಗಳ ಹಿಂದೆ ಇದ್ದಳು, ಅವನಿಗೆ ಕಾಣುತ್ತಿರಲಿಲ್ಲ.

"ಯಾರಿಗ್ ಹೇಳ್ತಾ ಇದೀರಾ ಸಾರ್?"

"ನಾಯಿಗೆ ಕಣಪ್ಪ."

"ಸರಿ ಬಿಡಿ ಸಾರ್," ಎಂದು ಹೊರಟುಹೋದ. ನಂಬಿದಂತೆ ಕಾಣಲಿಲ್ಲ. ಬೂಂದಿ ಅರ್ಧ ಗಂಟೆ ಇಡೀ ಸೈಟನ್ನು ಸರ್ವೆ ಮಾಡಿ, ಏನನ್ನೂ ಮಾಡದೆ ನನ್ನ ಜೊತೆ ಮನೆಗೆ ಬಂದು, ಹಾಲ್‌ನ ನಡುವೆ ನಿಂತು ನಿರಾಳವಾದಳು.

ಈಗ ಬಾಟಲಿಗಳ ವಿಷಯ. ಆ ಕಾಲದಲ್ಲಿ ನಮ್ಮ ಬೀದಿಯ ಗೇಟುಗಳಲ್ಲೆಲ್ಲ ನೀಲಿ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಗಳು ನೇತಾಡುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನೇ ನಾಲ್ಕು ಹನಿ ನೀರಿಗೆ ಹಾಕಿ ತೂಗುಬಿಟ್ಟರೆ ನಾಯಿಗಳು ಗೇಟಿನ ಹತ್ತಿರ ಗಲೀಜು ಮಾಡುವುದಿಲ್ಲ ಎಂದು ಯಾರೋ ಹೇಳಿದ್ದರು. ಯಾರು ಹೇಳಿದ್ದು ಎಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಕಟ್ಟಿದ್ದರು. ಗೌರಮ್ಮನವರ ಗೇಟಿನಲ್ಲಿ ಎರಡಿದ್ದವು.

"ಒಂದು ಮೆಟ್ಲತ್ರ ಇಡ್ರಿ ಮೇಷ್ಟ್ರೇ. ಆಮ್ಯಾಲೆ ನೋಡ್ರಿ," ಎಂದರು.

ನಾನು ಮನಸ್ಸಿನಲ್ಲೇ ನಕ್ಕೆ. ಒಡತಿಯ ಮಾತು ತೆಗೆದುಹಾಕಬಾರದೆಂದು ಒಂದನ್ನು ಆ ಮೆಟ್ಟಿಲ ಪಕ್ಕದಲ್ಲಿಟ್ಟೆ. ಮರುದಿನ ಬೂಂದಿ ಅಲ್ಲಿ ಮಾಡಲಿಲ್ಲ! ಅದರ ಮರುದಿನವೂ ಮಾಡಲಿಲ್ಲ. ಅಷ್ಟು ಸಾಕಾಯಿತು. ನೀಲಿ ಬೆಳಕು, ಬಾಗಿದ ಮೇಲ್ಮೈ, ನಾಯಿಯ ಕಣ್ಣಿನ ರಚನೆ ಎಂದು ಒಂದು ಸಿದ್ಧಾಂತವನ್ನೇ ಕಟ್ಟಿದೆ. ನನ್ನ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕ್ಷಮಿಸಬೇಕು. ಮನೆಯ ನಕ್ಷೆಯೊಂದನ್ನು ಗ್ರಾಫ್ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದೆ. ಬೂಂದಿ ಎಲ್ಲಿ ಮಾಡಿದಳೋ ಅಲ್ಲಿ ಕೆಂಪು ಚುಕ್ಕೆ, ಪಕ್ಕದಲ್ಲಿ ತಾರೀಖು. ಮೊದಲು ಫಿನಾಯಿಲ್ ಹಾಕಿ ಒರೆಸುವುದು, ಆಮೇಲೆ ಆ ಜಾಗದಲ್ಲಿ ಒಂದು ನೀಲಿ ಬಾಟಲಿ ಸ್ಥಾಪಿಸುವುದು. ಮಂಚದ ಕೆಳಗೆ ಮಾಡಿದಳು, ಬಾಟಲಿ ಬಂತು. ಮತ್ತೆ ಅಲ್ಲಿ ಮಾಡಲಿಲ್ಲ, ಹಾಲ್‌ಗೆ ಬಂದಳು. ಹಾಲ್‌ಗೆ ಬಾಟಲಿ ಬಂತು. ಟೀವಿಯ ಪಕ್ಕಕ್ಕೆ, ಬೆತ್ತದ ಕುರ್ಚಿಯ ಬುಡಕ್ಕೆ, ಶೂ ಸ್ಟ್ಯಾಂಡಿನ ಬಳಿಗೆ. ಬಾಟಲಿ ಗೆದ್ದಿತು ಎಂದು ಒಂದು ದಿನ ಕುಣಿಯುತ್ತಿದ್ದೆ, ಮರುದಿನ ಅವಳು ಮತ್ತೊಂದು ಕಡೆ ಮಾಡಿದಾಗ ತಲೆ ಕೆರೆದುಕೊಳ್ಳುತ್ತಿದ್ದೆ. ಅವಳು ಕಲಿಯುತ್ತಿದ್ದಾಳೋ ಇಲ್ಲವೋ ಎನ್ನುವುದೇ ತಿಳಿಯುತ್ತಿರಲಿಲ್ಲ. ನಮ್ಮ ಮನೆಗೆ ಬಂದವರು, "ಇದೇನು, ವಾಸ್ತುನಾ?" ಎಂದು ಕೇಳುತ್ತಿದ್ದರು. ಹೌದೆಂದು ಹೇಳುವುದೇ ಸುಲಭವಾಗಿತ್ತು.

ಹತ್ತು ಬಾಟಲಿಗಳಾದ ಮೇಲೆ ಅವಳು ಮುಂಬಾಗಿಲ ಹೊಸ್ತಿಲ ಬಳಿಯೇ ಮಾಡತೊಡಗಿದಳು. ಒಂದೆರಡು ಬಾರಿ ನಾನು ಕಾಲೇಜಿನಿಂದ ಬಂದು ಬಾಗಿಲು ತೆಗೆದ ಕೂಡಲೇ ಕಾಲಡಿ ನುಗ್ಗಿ ಓಡಿ, ಗೇಟು ಮುಟ್ಟುವ ಮೊದಲೇ ಮೆಟ್ಟಿಲ ಮೇಲೆ ಮಾಡಿಬಿಟ್ಟಳು. ಇವಳು ತಪ್ಪಿಸಿಕೊಂಡು ಹೋಗುತ್ತಾಳೆ ಎಂಬ ಹೊಸ ಭಯ ನನಗೆ ಹತ್ತಿತು. ರಸ್ತೆಯಲ್ಲಿ ವಾಹನಗಳು, ಬೀದಿನಾಯಿಗಳು. ಬಾಗಿಲಿಗೆ ಸದಾ ಚಿಲಕ ಹಾಕಿಸಿದೆ. ಹೊಸ್ತಿಲ ಪಕ್ಕದಲ್ಲಿ ಹನ್ನೊಂದನೇ ಬಾಟಲಿ ಇಟ್ಟೆ. ಒಂದು ಭಾನುವಾರ ಸುಮಾ ಅಡುಗೆಮನೆಯಿಂದ ಕೂಗಿದ್ದು ನೆನಪಿದೆ.

"ರೀ, ಬಾಗಿಲ ಹತ್ರ ನಿಂತಿದಾಳೆ ನೋಡಿ."

"ಓಡಿಹೋಗೋಕೆ ಹೊಂಚು ಹಾಕ್ತಾ ಇದಾಳೆ. ಚಿಲಕ ಸರಿಯಾಗಿದೆಯಾ ನೋಡು," ಎಂದೆ ನಾನು, ನಕ್ಷೆಯಿಂದ ತಲೆ ಎತ್ತದೆ.

ಶಿವರಾತ್ರಿಯ ಬೆಳಗ್ಗೆ ಆಗಬಾರದ್ದು ಆಯಿತು. ಗೌರಮ್ಮನವರ ಬೀಗಿತ್ತಿ, ಸ್ನಾನ ಮಾಡಿ ಮಡಿಸೀರೆ ಉಟ್ಟವರು, ಕೂದಲು ಒಣಗಿಸಿಕೊಳ್ಳಲು ತಾರಸಿಗೆಂದು ಬರಿಗಾಲಲ್ಲಿ ಮೆಟ್ಟಿಲು ಹತ್ತುತ್ತಿದ್ದರು. ನಾನು ಪೇಪರ್ ಎತ್ತಿಕೊಳ್ಳಲು ಬಾಗಿಲು ತೆಗೆದಿದ್ದೆ, ಒಂದೇ ಕ್ಷಣ. ಬೂಂದಿ ನುಗ್ಗಿದಳು, ಅವರ ಎದುರಿಗೇ ಮೆಟ್ಟಿಲ ಮೇಲೆ ಕೂತಳು. ಆ ಹೆಂಗಸು ಹೆಜ್ಜೆ ಇಟ್ಟಾಗಿತ್ತು. ಅವರು ಮತ್ತೆ ಸ್ನಾನಕ್ಕೆ ಹೋದರು. ಗೌರಮ್ಮ ಬಕೆಟ್ ತಂದು ಮೆಟ್ಟಿಲು ತೊಳೆದರು. ನಾನು ಪೊರಕೆಗೆ ಕೈ ಚಾಚಿದರೆ ಕೊಡಲಿಲ್ಲ. ಬೈದಿದ್ದರೆ ನಾನು ಇನ್ನೊಂದು ತಿಂಗಳ ಗಡುವು ಕೇಳುತ್ತಿದ್ದೆನೋ ಏನೋ.

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದ ರಂಗನಾಥ ಕೆಂಗೇರಿಯಿಂದ ಬರುತ್ತಿದ್ದ. "ನಮ್ಮನೇಗ್ ಕೊಡಿ ಸಾರ್. ಅಮ್ಮಂಗೂ ಹಗಲೊತ್ತು ಜೊತೆ ಆಗುತ್ತೆ," ಎಂದ. ಮರುದಿನವೇ ಆಟೋದಲ್ಲಿ ಕರೆದೊಯ್ದ. ಬೂಂದಿ ಆಟೋದೊಳಗಿಂದ ನನ್ನನ್ನು ನೋಡುತ್ತಿದ್ದಳು. ನಾನು ಆಟೋದ ನಂಬರ್ ಪ್ಲೇಟನ್ನು ನೋಡುತ್ತಿದ್ದೆ, ಬೇರೆಲ್ಲಿ ನೋಡಬೇಕೋ ತಿಳಿಯಲಿಲ್ಲ. ಮೇಲೆ ಬಂದು ಸುಮಾಳಿಗೆ ಕಾಣದಂತೆ ಬಚ್ಚಲಿನಲ್ಲಿ ನಿಂತು ಅತ್ತೆ.

ಎರಡು ವಾರ ತಡೆದುಕೊಂಡು ಕೆಂಗೇರಿಗೆ ಹೋದೆ. ರಂಗನಾಥನ ತಾಯಿಗೆ ಮಂಡಿನೋವು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಬೂಂದಿ ಬಂದು ನನ್ನ ಪ್ಯಾಂಟು ನೆಕ್ಕಿದಳು, ಸುತ್ತಿದಳು, ಕುಂಯ್‌ಗುಟ್ಟಿದಳು. ಸ್ವಲ್ಪ ಸಂಕೋಚದಿಂದಲೇ ಕೇಳಿದೆ.

"ಮನೆಯೆಲ್ಲ ಗಲೀಜು ಮಾಡ್ತಾ ಇರ್ಬೇಕು, ನಿಮಗೆ ತೊಂದರೆ ಆಯ್ತು ಅಲ್ವಾ ಅಮ್ಮ?"

"ಎಲ್ ಮಾಡ್ತದಪ್ಪ? ಬಂದಾಗಿಂದ ಒಂದ್ ದಿನಾನೂ ಮಾಡಿಲ್ಲ. ಬಾಗ್ಲತ್ರ ಹೋಗಿ ಸುಮ್ನೆ ನಿಂತ್ಕತದೆ. ತೆಗೀತೀನಿ. ಹೋಯ್ತದೆ, ಬತ್ತದೆ. ಅಷ್ಟೇಯ."

"ಬೊಗಳಿ ಕರೆಯುತ್ತಾ?"

"ಯಾಕ್ ಬೊಗಳ್ಬೇಕು? ನಿಂತದಲ್ಲ, ಕಾಣಕ್ಕಿಲ್ವಾ?"

ಅಷ್ಟರಲ್ಲಿ ಬೂಂದಿ ಎದ್ದು ಬಾಗಿಲ ಬಳಿ ನಿಂತಳು. ಕಿವಿ ಹಿಂದಕ್ಕೆ, ಬಾಲ ತಗ್ಗಿಸಿ, ಕತ್ತು ತಿರುಗಿಸಿ ನನ್ನನ್ನೇ ನೋಡುತ್ತ. ಆ ನಿಲುವು ನನಗೆ ಹೊಸದಲ್ಲ. ನಮ್ಮ ಮನೆಯಲ್ಲಿ ನೂರು ಸಲ ನೋಡಿದ್ದೆ. ಮುದುಕಿ ಮಂಡಿ ಹಿಡಿದುಕೊಂಡು ಏಳಹೋದರು. ನಾನೇ ಎದ್ದು ಬಾಗಿಲು ತೆಗೆದೆ. ಅವಳು ಹೊಂಗೆ ಮರದ ಬುಡಕ್ಕೆ ಹೋಗಿ, ಮುಗಿಸಿ, ತಿರುಗಿ ಬಂದು, ನನ್ನನ್ನು ದಾಟಿ, ಆ ತಾಯಿಯ ಪಾದದ ಮೇಲೆ ಗಲ್ಲವಿಟ್ಟು ಮಲಗಿದಳು. ವಾಪಸು ಕೊಡಿ ಎಂದು ಕೇಳಲೆಂದೇ ನಾನು ಹೋಗಿದ್ದು. ಕೇಳಲಿಲ್ಲ.

ಮನೆಗೆ ಬಂದು ನಕ್ಷೆಯ ಮುಂದೆ ನಿಂತೆ. ಮೊದಲ ವಾರದ ಚುಕ್ಕೆಗಳು ಮಂಚದ ಕೆಳಗೆ. ಎರಡನೇ ವಾರದವು ಹಾಲ್‌ನಲ್ಲಿ. ಆಮೇಲೆ ಕುರ್ಚಿ, ಶೂ ಸ್ಟ್ಯಾಂಡ್, ಹೊಸ್ತಿಲು. ತಾರೀಖುಗಳನ್ನು ಬೆರಳಿಟ್ಟು ಹಿಂಬಾಲಿಸಿದರೆ ಒಂದು ದಾರಿ. ಬಂದ ಹೊಸದರಲ್ಲಿ ಕಂಕುಳಲ್ಲಿ ಎತ್ತಿ ಇಳಿಸುವಾಗ ಮೆಟ್ಟಿಲ ಮೇಲೆ ಬಿದ್ದ ಮೊದಲ ಚುಕ್ಕೆಯೊಂದನ್ನು ಬಿಟ್ಟರೆ, ಮಿಕ್ಕವೆಲ್ಲ ಬಾಗಿಲಿನ ಕಡೆಗೆ ಹೊರಟಿದ್ದವು. ಅವಳು ಪ್ರತಿ ವಾರ ನಾಲ್ಕು ಹೆಜ್ಜೆ ಮುಂದೆ ಬಂದು, ಬಾಗಿಲು ಮುಟ್ಟಿ, ಚಿಲಕ ನೋಡಿ, ತಡೆಯಲಾರದೆ ಅಲ್ಲೇ ಕೂತಿದ್ದಳು. ಬಾಗಿಲು ತೆರೆದಾಗ ಆದಷ್ಟು ದೂರ ಓಡಿದ್ದಳು. ಅದನ್ನು ನಾನು ಕೆಂಪು ಶಾಯಿಯಲ್ಲಿ ತಪ್ಪೆಂದು ಗುರುತು ಹಾಕಿದ್ದೆ. ಅವಳು ಕಳೆದುಹೋದಾಳು ಎಂದು ನಾನೇ ಹಾಕಿಸಿದ ಚಿಲಕ ಅದು.

"ಅವಳಿಗೆ ಬರ್ತಿತ್ತು ಸುಮಾ," ಎಂದೆ.

"ನಾನು ಹೇಳಿದ್ದೆ ಅಲ್ವಾ, ಬಾಗಿಲ ಹತ್ರ ನಿಂತಿದಾಳೆ ಅಂತ? ನೀವು ಬಾಟ್ಲಿ ತುಂಬೋದ್ರಲ್ಲೇ ಇದ್ರಿ," ಎಂದಳು. ಗದರಿಸುವ ದನಿಯಲ್ಲಿ ಅಲ್ಲ. ಆಕೆಯ ಕಣ್ಣೂ ತುಂಬಿತ್ತು. ಅವಳೂ ಎರಡು ವಾರದಿಂದ ನನಗೆ ಕಾಣದಂತೆ ಅಳುತ್ತಿದ್ದಳೆಂದು ಆಗ ತಿಳಿಯಿತು.

ಲಿಫ್ಟಿನಲ್ಲಿ ಸುತ್ತಾಡಿ ಬಂದ ಆ ದಿನ ಇದನ್ನೆಲ್ಲ ಯೋಚಿಸುತ್ತ ಸೋಫಾದಲ್ಲಿ ಕೂತಿದ್ದೆ. ಟೀವಿಯಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ಸಂಜೆ ಐದೂವರೆ. ಸುಮಾ ಮುಂಬಾಗಿಲ ಬಳಿ ಚೌಕಟ್ಟಿಗೆ ಕೈಯಿಟ್ಟು ನಿಂತಿದ್ದಳು. ಅವಳು ಈ ಹೊತ್ತಿಗೆ ಅಲ್ಲಿ ನಿಲ್ಲುವುದು ಹೊಸತಲ್ಲ. ವರ್ಷಗಳಿಂದ ನಿಲ್ಲುತ್ತಾಳೆ. ಯಾರೋ ಬರುವವರಿರಬೇಕು, ಗಾಳಿಗೆ ನಿಂತಿರಬೇಕು ಎಂದು ನಾನು ಅಂದುಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಏನನ್ನೂ ಅಂದುಕೊಳ್ಳುತ್ತಿರಲಿಲ್ಲ. ಟೀವಿ ಆರಿಸಿದೆ.

"ಹೊರಗೆ ಹೋಗ್ಬೇಕಿತ್ತಾ?" ಎಂದು ಕೇಳಿದೆ.

ಅವಳು ತಿರುಗಿ ನನ್ನನ್ನು ನೋಡಿದಳು. ಅದು ಸಿಟ್ಟೋ ನಗುವೋ ನನಗೆ ಈಗಲೂ ಸ್ಪಷ್ಟವಿಲ್ಲ.

"ಹೂಂ," ಎಂದಳು.

ಆಗ ನೋಡಿದೆ, ಅವಳು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಳು.