ಕೊಟ್ರಮ್ಮನ ಬಾಗಿಲ ಮೇಲಿನ ಬರಹ

ದೆವ್ವ, ಪೀಡೆ, ಗಾಳಿಸೋಂಕು ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ನಂಬುವವರೊಡನೆ ವಾದಿಸಿ ಅವರನ್ನು ತಿದ್ದುವುದು ನನ್ನ ಕರ್ತವ್ಯವೆಂದೇ ತಿಳಿದಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆಗೆ ಅದು ಕಷ್ಟವೂ ಆಗಿರಲಿಲ್ಲ. ಈಗಲೂ ನಾನು ನಂಬುವವನಲ್ಲ. ಆದರೆ ಒಂದು ಸಂಜೆ ನನ್ನ ಕಿವಿಗೆ ಬಿದ್ದದ್ದನ್ನು ಬಿದ್ದಿಲ್ಲವೆಂದು ಹೇಳಲಾರೆ. ಓದುಗರು ಇದನ್ನು ಹೇಗೆ ಬೇಕಾದರೂ ತೆಗೆದುಕೊಳ್ಳಲಿ.

ತೊಂಬತ್ತರ ದಶಕದಲ್ಲಿ, ಕೂಡ್ಲಿಗಿ ಕಡೆಯ ಹಳ್ಳಿಯವನಾದ ನಾನು ಹಗರಿಬೊಮ್ಮನಹಳ್ಳಿಗೆ ಉಪನ್ಯಾಸಕನಾಗಿ ಬಂದೆ. ಹೊಳೆದಂಡೆಯ ಓಣಿಯೊಂದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತು. ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿ ಬಂದವರ ಮಕ್ಕಳು, ಮೊಮ್ಮಕ್ಕಳೇ ಅಲ್ಲಿ ಹೆಚ್ಚು. ಗೋಡೆಗೆ ಗೋಡೆ ಹತ್ತಿದ ಮನೆಗಳು. ಬೆಳಗಾಗುವ ಮುನ್ನ ರೊಟ್ಟಿ ಬಡಿಯುವ ಸದ್ದು, ಆಮೇಲೆ ಹೊಳೆಗೆ ಬಟ್ಟೆ ಒಯ್ಯುವವರ ಜಗಳ ಮತ್ತು ನಗು, ಸಂಜೆ ಹುಸೇನಿಯ ಮಿರ್ಚಿ ಬಂಡಿಯ ಸುತ್ತ ಜನ. ಮನೆ ಹೊಕ್ಕ ದಿನ ಪಕ್ಕದ ಮನೆಯ ಕೊಟ್ರಮ್ಮ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟು, "ಇವತ್ತು ಒಲಿ ಹಚ್ಚಬ್ಯಾಡ್ರಿ ಮೇಷ್ಟ್ರೇ. ಈ ಮನಿ ಗೋಡಿ ಒಂದಿನ ನಿಮ್ಮನ್ನ ನೋಡ್ಲಿ" ಎಂದಳು. ಐವತ್ತರ ಆಸುಪಾಸಿನ ವಿಧವೆ. ಮಾರುಕಟ್ಟೆಯಲ್ಲಿ ಕಾಯಿಪಲ್ಯ ಮಾರಿಕೊಂಡು ಒಬ್ಬಳೇ ಇದ್ದಳು.

ಎರಡನೆಯ ವರ್ಷ ಆ ಸುದ್ದಿ ನಮ್ಮ ಓಣಿಗೂ ಬಂತು. ಸಂಜೆಯಾದ ಮೇಲೆ ಒಂದು ದೆವ್ವ ಬಾಗಿಲಿಗೆ ಬಂದು ಮನೆಯವರ ದನಿಯಲ್ಲೇ ಕೂಗುತ್ತದೆ, ಓಗೊಟ್ಟವರು ಉಳಿಯುವುದಿಲ್ಲ, ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರೆ ಓದಿಕೊಂಡು ಹಿಂದಿರುಗುತ್ತದೆ. ಎರಡೇ ದಿನದಲ್ಲಿ ಎಲ್ಲ ಬಾಗಿಲುಗಳ ಮೇಲೂ ಸೀಮೆಸುಣ್ಣದ ಅಕ್ಷರಗಳು ಮೂಡಿದವು. ನಾನು ಮನೆಮನೆಗೆ ಹೋಗಿ ವಾದಿಸಿದೆ. ಹುಸೇನಿ ಎಣ್ಣೆಯಲ್ಲಿ ಮಿರ್ಚಿ ತಿರುವುತ್ತ, "ನಿಮ್ಮ ಮನಿಗೆ ಅದು ಬರಂಗಿಲ್ಲ ಬಿಡ್ರಿ ಮೇಷ್ಟ್ರೇ. ನಿಮ್ಮ ಭಾಷಣ ಕೇಳಾಕ ಅದಕ್ಕೆಲ್ಲಿ ಪುರುಸೊತ್ತು?" ಎಂದ. ಜನ ನಕ್ಕರು.

ನನ್ನ ಬಾಗಿಲು ಬಿಟ್ಟರೆ ಬರಹವಿಲ್ಲದ್ದು ಕೊಟ್ರಮ್ಮನ ಬಾಗಿಲೊಂದೇ. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಬಂಡಿಯ ಮುಂದೆ ಸೇರಿದ್ದವರಿಗೆಲ್ಲ, ಓದುಬರಹ ಬಾರದ ಈ ತಾಯಿಯ ಧೈರ್ಯವನ್ನು ನೋಡಿ ಕಲಿಯಿರಿ ಎಂದು ಹೇಳಿದೆ. ಆಕೆ ತಲೆತಗ್ಗಿಸಿ ಒಳಗೆ ಹೋದಳು. ಆಮೇಲೆ ನನ್ನನ್ನು ಕರೆದು, ಹಾಗೆಲ್ಲ ಹೇಳಬೇಡಿರೆಂದು ಕೇಳಿಕೊಂಡಳು.

ಆಕೆಗೆ ಸಾವಿತ್ರಿ ಎಂಬ ಮಗಳಿದ್ದಳು. ಏಳು ವರ್ಷದ ಹಿಂದೆ ಬೇರೆ ಜಾತಿಯ ಹುಡುಗನೊಡನೆ ಹೋದವಳು ವಾರದೊಳಗೆ ಒಬ್ಬಳೇ ಬಂದು ಬಾಗಿಲಲ್ಲಿ ನಿಂತಿದ್ದಳು. ಓಣಿಯೆಲ್ಲ ನೋಡುತ್ತಿದ್ದಾಗ ತಾಯಿ, ಇನ್ನು ಈ ಹೊಸ್ತಿಲು ತುಳಿಯಬೇಡವೆಂದು ಬಾಗಿಲು ಹಾಕಿದ್ದಳು. ಮುಂದೆ ಕೆಲವರು ಅವಳನ್ನು ದಾವಣಗೆರೆಯಲ್ಲಿ ಕಂಡೆವೆಂದರು, ಕೆಲವರು ಹಿನ್ನೀರಿಗೆ ಬಿದ್ದಳೆಂದರು. ಹೆಣ ಕಂಡವರಿಲ್ಲ. "ಒಮ್ಮಿ ಬರಬ್ಯಾಡ ಅಂದೀನಿ ಮೇಷ್ಟ್ರೇ. ಮತ್ತ ಬಾಗಲದ ಮ್ಯಾಲ ಬ್ಯಾರೆ ಬರಸ್ಲೇನು?" ಎಂದಳು ಕೊಟ್ರಮ್ಮ. ದೆವ್ವದ ಭಯ ಆಕೆಗೆ ಉಳಿದವರಷ್ಟೇ ಇತ್ತು.

ಒಂದು ಬಾಗಿಲು ಬರಹವಿಲ್ಲದೆ ಉಳಿದರೆ ಓಣಿಗೇ ಕೇಡೆಂದು ಯಾರೋ ಹೆದರಿರಬೇಕು. ಮರುವಾರ ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ, ಆಕೆಯ ಬೀಗ ಹಾಕಿದ ಬಾಗಿಲ ಮೇಲೆ ಆ ಎರಡು ಪದಗಳಿದ್ದವು. ಒದ್ದೆ ಬಟ್ಟೆಯಿಂದ ಒಮ್ಮೆ ಎಳೆದಿದ್ದರೆ ಮುಗಿಯುತ್ತಿತ್ತು. ಆದರೆ ಮರುದಿನ ವಿದ್ಯಾರ್ಥಿಗಳೊಡನೆ ಓಣಿಯ ಬಾಗಿಲುಗಳನ್ನೆಲ್ಲ ಒರೆಸುವ ಕಾರ್ಯಕ್ರಮ ಇಟ್ಟುಕೊಂಡಿದ್ದೆ. ಇದನ್ನು ಎಲ್ಲರೆದುರು ಮೊದಲು ಒರೆಸಿದರೆ ಹೆಚ್ಚು ಪರಿಣಾಮವಾದೀತೆಂದು ಹಾಗೆಯೇ ಬಿಟ್ಟೆ.

ಅದೇ ದಿನ ದೀಪ ಹಚ್ಚುವ ಹೊತ್ತಿಗೆ ನಾನು ಒಳಗೆ ಕುಳಿತು ಓದುತ್ತಿದ್ದೆ. ಪಕ್ಕದ ಬಾಗಿಲಲ್ಲಿ ಒಂದು ಹೆಣ್ಣುದನಿ, "ಅಕ್ಕಾ" ಎಂದಿತು. ಸ್ವಲ್ಪ ತಡೆದು, "ಅಕ್ಕಾ, ನಾನು" ಎಂದಿತು. ದಣಿದ ದನಿ, ವಿಶೇಷವೇನೂ ಅನ್ನಿಸಲಿಲ್ಲ. ಕೊಟ್ರಮ್ಮ ಇನ್ನೂ ಬಂದಿಲ್ಲವೆಂದು ತಿಳಿಸಲು ನಾನು ಎದ್ದು ಹೊರಗೆ ಬಂದೆ. ನಾಲ್ಕು ಹೆಜ್ಜೆಯ ಮಾತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಓಣಿಯ ತುಂಬ ಜನರಿದ್ದರು. ಎದುರಿಗೇ ಇದ್ದ ಹುಸೇನಿ, "ಯಾರೂ ಬಂದಿಲ್ಲರಿ, ಆಗಿಂದ ಇಲ್ಲೇ ಅದೀನಿ" ಎಂದ.

ಬುಟ್ಟಿ ಹೊತ್ತು ಬಂದ ಕೊಟ್ರಮ್ಮನಿಗೆ, ನಿಮ್ಮ ತಂಗಿ ಬಂದಿದ್ದರೇನೋ, ಅಕ್ಕಾ ಎಂದು ಕರೆಯುತ್ತಿದ್ದರು ಎಂದೆ.

"ನನಗ ತಂಗಿ ಇಲ್ಲರಿ" ಎಂದವಳು ಬುಟ್ಟಿಯನ್ನು ಇಳಿಸಿದಳು. ಮಗಳನ್ನು ಆಕೆ ತವರುಮನೆಯಲ್ಲಿ ಬೆಳೆಸಿದ್ದಳು. ತಮ್ಮಂದಿರು ಆಕೆಯನ್ನು ಅಕ್ಕ ಎನ್ನುವುದನ್ನು ಕೇಳಿ ಸಾವಿತ್ರಿಯೂ ತಾಯಿಯನ್ನು ಅಕ್ಕ ಎಂದೇ ಕರೆಯುತ್ತಿದ್ದಳಂತೆ. ನನಗೆ ಇದು ತಿಳಿದಿರಲಿಲ್ಲ. ಆಮೇಲೆ ಆಕೆಯ ಕಣ್ಣು ಬಾಗಿಲಿಗೆ ಹೋಯಿತು.

"ಎಲ್ಲರ ಬಾಗಲಕ್ಕ ಬರದದ್ದು ಇದ ಅಲ್ರಿ?"

ಹೌದೆಂದೆ. ಮಧ್ಯಾಹ್ನವೇ ನೋಡಿದ್ದೆನೆಂಬುದನ್ನೂ ಹೇಳಿದೆ. ಆಕೆ ಬೈಯಲಿಲ್ಲ.

"ಸಾವಿತ್ರಿ ಏಳನೇ ಕ್ಲಾಸಿನ ತನಕ ಓದ್ಯಾಳ, ಮೇಷ್ಟ್ರೇ" ಎಂದಳು.

ನಾನು ಬಟ್ಟೆ ನೆನೆಸಿ ತಂದೆ. ಆಕೆ ಅಡ್ಡ ನಿಂತಳು. "ಬ್ಯಾಡ್ರಿ. ನಾಳಿ ಬಾ ಅಂತ ಹೇಳೇತಲ್ಲ. ಓದಿದ್ರ ನಾಳಿ ಬರ್ತಾಳ."

ಮರುದಿನ ಆಕೆ ಮಾರುಕಟ್ಟೆಗೆ ಹೋಗಲಿಲ್ಲ. ಹೋಳಿಗೆ ಮಾಡಿ, ಬಾಗಿಲು ತೆರೆದು, ಹೊಸ್ತಿಲ ಒಳಗೆ ಕುಳಿತಳು. ನನ್ನ ಕಾರ್ಯಕ್ರಮವನ್ನು ನಾನು ನಿಲ್ಲಿಸಿದೆ. ಓಣಿಯ ಗದ್ದಲವೆಲ್ಲ ಎಂದಿನಂತೆ ಆಕೆಯ ಮುಂದೆ ಹಾದುಹೋಯಿತು. ಯಾರೂ ಬರಲಿಲ್ಲ. ಅದರ ಮರುದಿನವೂ ಆಕೆ ಕುಳಿತಳು. ಕೆಲವು ತಿಂಗಳಲ್ಲಿ ಸುದ್ದಿ ತಣ್ಣಗಾಗಿ, ಜನ ತಮ್ಮ ಬಾಗಿಲುಗಳನ್ನು ತಾವೇ ತೊಳೆದುಕೊಂಡರು. ಕೊಟ್ರಮ್ಮನ ಬಾಗಿಲ ಬರಹವನ್ನು ಮಳೆಯ ಎರಚಲು ಅಳಿಸಿತು. ಆಗ ಆಕೆ ಒಂದು ತುಂಡು ಸೀಮೆಸುಣ್ಣ ತಂದು ನನ್ನ ಕೈಗಿಟ್ಟಳು. ನಾನು ಬರೆದುಕೊಟ್ಟೆ. ಆ ಊರಿನಿಂದ ವರ್ಗವಾಗುವವರೆಗೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ.

ಇದಕ್ಕೆ ನಾನು ಅನೇಕ ಕಾರಣಗಳನ್ನು ಹುಡುಕಿದ್ದೇನೆ. ಬೇರೆ ಮನೆಗೆ ಬಂದವರು ತಪ್ಪಿ ಕೂಗಿರಬಹುದು. ಎಣ್ಣೆಯ ಬಾಣಲೆ ನೋಡುತ್ತಿದ್ದ ಹುಸೇನಿಗೆ ಅಷ್ಟು ಜನರ ನಡುವೆ ಒಬ್ಬ ಹೆಂಗಸು ಕಾಣದಿರಬಹುದು. ಆದರೆ ನನ್ನ ವಿಚಾರವಾದವನ್ನು ಕೊನೆಯವರೆಗೆ ಎಳೆದರೆ, ಅಂದು ಬಂದವಳು ಜೀವಂತ ಸಾವಿತ್ರಿ. ನಾನು ಒರೆಸದೆ ಬಿಟ್ಟದ್ದನ್ನು ಓದಿ, ತಾಯಿ ಇನ್ನೂ ಬೇಡವೆನ್ನುತ್ತಾಳೆಂದು ತಿಳಿದು ಹಿಂದಿರುಗಿದಳು. ಬಂದದ್ದು ಬೇರೇನೋ ಎಂದು ಒಪ್ಪಿದರೆ, ಆ ಹುಡುಗಿ ಎಂದೋ ಸತ್ತಿರಬೇಕು. ಆ ದನಿ ಯಾರದೆಂದು ನನಗೆ ಇಂದಿಗೂ ಗೊತ್ತಿಲ್ಲ. ಯಾರದಾಗಿದ್ದರೆ ಒಳ್ಳೆಯದಿತ್ತು ಎಂಬುದೂ ಗೊತ್ತಿಲ್ಲ.