ಕಂಬ, ಕಂಬ, ಹಂಡೆ, ಪೆಟ್ಟಿಗೆ

ಟಕ್, ಟಕ್. ಆಮೇಲೆ ಠಣ್ ಎಂದು ಉದ್ದಕ್ಕೆ ಎಳೆಯುವ ಒಂದು ದನಿ. ಕೊನೆಗೆ ಹೊಟ್ಟೆ ಖಾಲಿಯಿರುವ ಮರದ ಡುಬ್. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಜ್ಜಂಪುರದ ನಮ್ಮ ಮನೆಗೆ ಬೆಳಗಾಗುತ್ತಿದ್ದುದು ಹೀಗೆ. ನಮ್ಮ ಅತ್ತೆ ತಮ್ಮ ಕೋಣೆಯಿಂದ ಅಡುಗೆಮನೆಗೆ ನಡೆಯುವಾಗ ಬೆರಳಿನ ದಪ್ಪ ಬೆಳ್ಳಿಯುಂಗುರದಿಂದ ದಾರಿಯಲ್ಲಿರುವುದನ್ನೆಲ್ಲ ತಟ್ಟಿಕೊಂಡು ಹೋಗುತ್ತಿದ್ದರು: ನಡುಮನೆಯ ಎರಡು ಕಂಬ, ಹಿತ್ತಾಳೆಯ ನೀರಿನ ಹಂಡೆ, ಗೋಡೆಗೆ ಸೇರಿಸಿಟ್ಟ ಹಲಸಿನ ಮರದ ಪೆಟ್ಟಿಗೆ.

ಆ ದನಿ ಇವತ್ತೇಕೆ ನೆನಪಾಯಿತೆಂದರೆ, ಮಗ ಸೊಸೆ ಮದುವೆಯೊಂದಕ್ಕೆ ಹುಬ್ಬಳ್ಳಿಗೆ ಹೋಗಿದ್ದಾರೆ. ಕಡೂರಿನ ಈ ಮನೆಯಲ್ಲಿ ನಾನೊಬ್ಬಳೇ. "ಬೋರ್ ಆಗ್ತಿದೆಯಾ ಅತ್ತೆ?" ಎಂದು ಸೊಸೆ ಫೋನ್ ಮಾಡಿದ್ದಳು. ಮಾತು ಮುಗಿಸಿ ಈಚೆ ಬರುವಾಗ ಕೈಯ ಬಳೆ ನೀರಿನ ಡ್ರಮ್ಮಿಗೆ ತಾಗಿ ಠಣ್ ಎಂದಿತು. ಅಷ್ಟೇ, ನಾನು ನಿಂತುಬಿಟ್ಟೆ.

ಒಂಟಿಯಾಗಿ ಮನೆ ಕಾಯುವುದು ನನಗೆ ಹೊಸತಲ್ಲ. ಮೊದಲ ಸಲ ಕಾದದ್ದು ಮದುವೆಯಾಗಿ ವರ್ಷ ತುಂಬುವ ಮೊದಲೇ. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಪ್ಪ ರೈಲ್ವೆಯಲ್ಲಿದ್ದರು, ಬೀರೂರಿಗೆ ವರ್ಗವಾದಾಗ ಈ ಸಂಬಂಧ ಕೂಡಿಬಂತು. ನಮ್ಮವರು ಅಜ್ಜಂಪುರದ ಸ್ಕೂಲಿನಲ್ಲಿ ಮೇಷ್ಟ್ರು. ಒಂದಿಷ್ಟು ಹೊಲ, ತೆಂಗಿನ ತೋಟ, ಕರೆಯುವ ಒಂದು ಎಮ್ಮೆ. ಮಾವ ತೀರಿಹೋಗಿದ್ದರು. ಅತ್ತೆಗೆ ಎರಡು ಕಣ್ಣಿಗೂ ಪೊರೆ ಬೆಳೆದು, ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅವರು ಓಡಾಡುತ್ತಿದ್ದ ಠೀವಿ ನೋಡಿ ನನಗೆ ಅದು ಎಷ್ಟೋ ದಿನ ಮರೆತೇ ಹೋಗಿರುತ್ತಿತ್ತು, ಬಿಡಿ. ಉಂಗುರ ತಟ್ಟುವುದು ವಯಸ್ಸಾದವರ ಒಂದು ಹ್ಯಾಬಿಟ್ ಎಂದುಕೊಂಡಿದ್ದೆ.

ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸುವುದೆಂದು ತೀರ್ಮಾನವಾಯಿತು. ಡಾಕ್ಟರು ಒಂದು ಕಣ್ಣಿಗೆ ಮಾತ್ರ ಆಸೆ ಕೊಟ್ಟಿದ್ದರು, ಅದೂ ಅರೆಮನಸ್ಸಿನಿಂದ. ಎಮ್ಮೆಯನ್ನೂ ಮನೆಯನ್ನೂ ನೋಡಿಕೊಳ್ಳಲು ನಾನು ಉಳಿದೆ. ಗಾಡಿ ಹತ್ತುವ ಮುನ್ನ ಅತ್ತೆ ನನ್ನ ಕೆನ್ನೆ ಸವರಿದರು.

"ಸೊಸೆ ಹೆಂಗವ್ಳೆ ಅಂತ ಕೇಳಿದೋರ್ಗೆಲ್ಲ ಚೆನ್ನಾಗವ್ಳೆ ಅಂತ ಸುಳ್ಳೇ ಹೇಳ್ಕೊಂಡ್ ಬಂದಿದೀನಿ ಕಣೆ. ಕಣ್ಣು ಮಾಡಿಸ್ಕೊಂಡ್ ಬತ್ತೀನಿ ಇರು. ನಿಜವೋ ಸುಳ್ಳೋ ನೋಡೇಬಿಡಾನ."

ನಮ್ಮವರು ನಕ್ಕರು. ನನಗೆ ನಗು ಬರಲಿಲ್ಲ.

ಅವರು ಹೋದ ಮೇಲೆ ಮನೆ ಎಷ್ಟು ದೊಡ್ಡದಾಗಿಬಿಟ್ಟಿತು ಗೊತ್ತೆ? ಮೊದಲ ದಿನ ಎಲ್ಲ ಕೋಣೆಗೂ ಹೋಗಿ ಬಂದೆ. ಎರಡನೆಯ ದಿನ ಎಮ್ಮೆಗೆ ಇಂಗ್ಲಿಷಿನಲ್ಲಿ ಪ್ರೇಯರ್ ಹೇಳಿಕೊಟ್ಟೆ. ಅದು ಮೆಲುಕು ಹಾಕುವುದನ್ನು ನಿಲ್ಲಿಸಲಿಲ್ಲ. ಆಮೇಲೆ ನನ್ನೊಳಗಿನ ಕಾನ್ವೆಂಟು ಎದ್ದು ಕೂತಿತು. ನಮಗೆ ಹೌಸ್‌ಕೀಪಿಂಗ್ ಕಲಿಸಿದ ಸಿಸ್ಟರಿಗೆ ವೆಂಟಿಲೇಷನ್ ಎಂದರೆ ಪ್ರಾಣ. ನಡುಮನೆಯ ನಡುವೆ ನೀರಿನ ಹಂಡೆ ಏಕಿರಬೇಕು? ಪೆಟ್ಟಿಗೆ ಕಿಟಕಿಯನ್ನು ಅರ್ಧ ಮುಚ್ಚಿಕೊಂಡು ಏಕೆ ಕೂತಿದೆ? ಎಲ್ಲರ ಕಾಲಿಗೂ ತೊಡರುವ ಒರಳು? ಪಕ್ಕದ ಮನೆಯ ಸಿದ್ದಮ್ಮ ಹಾಲು ಕರೆಯಲು ಬಂದಾಗ ಅವರನ್ನೂ ಸೇರಿಸಿಕೊಂಡು ಎಲ್ಲವನ್ನೂ ಎಳೆದಾಡಿದೆ.

"ಊರಿಗೋದೋರು ಬರೋಗಂಟ ಮನೇಲಿ ಏನೂ ಕದಲಿಸ್ಬಾರ್ದು ಕಣವ್ವ," ಎಂದು ಸಿದ್ದಮ್ಮ ಪೆಟ್ಟಿಗೆ ನೂಕುತ್ತಲೇ ಹೇಳಿದರು. "ನಿಂದು ಇಂಗ್ಲಿಷ್ ಮನೆ. ನಂಗ್ಯಾಕೆ."

ಸಾಯಂಕಾಲ ನೆಲ ಸಾರಿಸಿ, ರಂಗೋಲಿಯೆಳೆದು, ನಡುಮನೆಯಲ್ಲಿ ನಿಂತು ನೋಡಿದೆ. ಸ್ಪ್ಲೆಂಡಿಡ್. ಸಿಸ್ಟರ್ ನೋಡಿದ್ದರೆ ಮೆಡಲ್ ಕೊಡುತ್ತಿದ್ದರು. ಹೊಗಳುವವರು ಯಾರೂ ಇರಲಿಲ್ಲ. ಮನೆ ತೀರ ಸದ್ದಿಲ್ಲದೆ ಇತ್ತು. ಆ ಟಕ್ ಟಕ್ ಇಲ್ಲದೆ ಅದು ನಮ್ಮ ಮನೆಯೇ ಅಲ್ಲವೆನ್ನಿಸಿತು. ಬೇಸರಕ್ಕೆ ನಾನೇ ಕಣ್ಣು ಮುಚ್ಚಿಕೊಂಡು, ನನ್ನ ಮದುವೆಯುಂಗುರದಲ್ಲಿ ತಟ್ಟುತ್ತಾ ಅತ್ತೆಯ ಹಾಗೆ ನಡೆದೆ. ಕಂಬ. ಕಂಬ. ಹಂಡೆಗೆಂದು ಕೈ ಚಾಚಿದೆ, ಬರಿಯ ಗಾಳಿ. ಇನ್ನೆರಡು ಹೆಜ್ಜೆ ಇಟ್ಟೆ. ಪೆಟ್ಟಿಗೆಯ ಮೂಲೆ ಮೊಣಕಾಲಿಗೆ ಬಡಿಯಿತು. ಅಲ್ಲೇ ನೆಲದ ಮೇಲೆ ಕೂತೆ.

ಕಣ್ಣು ಬಾರದೆ ಅವರು ಹಿಂತಿರುಗಿದರೆ, ಇಷ್ಟು ವರ್ಷ ಬಾಳಿದ ತಮ್ಮ ಮನೆಯೊಳಗೇ ದಾರಿ ತಪ್ಪುತ್ತಾರೆ. ಸರಿ, ಎಲ್ಲವನ್ನೂ ಮೊದಲಿದ್ದಲ್ಲೇ ಇಡೋಣವೆಂದರೆ ಅದಕ್ಕೂ ಕೈ ಬಾರದು. ಹಾಗೆ ಇಟ್ಟರೆ, ಕಣ್ಣು ಬರುವುದಿಲ್ಲವೆಂದು ನಾನೇ ಒಪ್ಪಿಕೊಂಡ ಹಾಗಲ್ಲವೆ? ನೀವು ನಗಬಹುದು. ಒಂಟಿ ಮನೆಯಲ್ಲಿ ಇಂಥ ಯೋಚನೆಗಳು ಬಲು ಬೇಗ ಬಲಿಯುತ್ತವೆ.

ಬೆಳಿಗ್ಗೆ ಸಿದ್ದಮ್ಮನ ಮುಂದೆ ಅಂಜುತ್ತ ಹೇಳಿದೆ. ಅವರು ಹಾಲಿನ ತಂಬಿಗೆಯನ್ನು ಜಗಲಿಯ ಮೇಲಿಟ್ಟರು.

"ಇದಕ್ಕೆ ರಾತ್ರಿಯೆಲ್ಲ ನಿದ್ದೆಗೆಟ್ಯಾ? ಕಣ್ಣು ಬಂತು ಅನ್ಕೋ. ಅವಳು ಮೊದ್ಲು ಏನ್ ನೋಡ್ಬೇಕು ಹೇಳು?"

"ನನ್ನ ಮುಖ ಅಂದಿದ್ರು."

"ಅಯ್ಯೋ, ನಿನ್ ಮುಖ ಎಲ್ಲಿ ಓಡೋಗ್ತೈತೆ. ತಾನು ಬಾಳಿದ್ ಮನೆ ನೋಡ್ಬೇಕು ಕಣವ್ವ. ಕೈಯಾಗೆ ಮುಟ್ಟಿದ್ದು ಕಣ್ಣಿಗೂ ಹಂಗೇ ಕಾಣ್ಬೇಡ್ವಾ? ಏಳು, ನೂಕು."

ಕಣ್ಣು ಬಂದರೂ ಅಲ್ಲೇ ಇರಬೇಕು, ಬಾರದಿದ್ದರೂ ಅಲ್ಲೇ. ಇದು ನನಗೆ ಹೊಳೆದಿರಲಿಲ್ಲ. ಆದರೆ ಈಗ ಹೊಸ ತೊಂದರೆ: ಯಾವುದು ಎಲ್ಲಿತ್ತು? ಸಾರಿಸಿದ ನೆಲದಲ್ಲಿ ಗುರುತೇ ಉಳಿದಿರಲಿಲ್ಲ. ಆಗ ಕೈಹಿಡಿದದ್ದು ಆ ದನಿಯೇ. ಕೋಣೆಯಲ್ಲಿ ಮಲಗಿ ದಿನವೂ ಕೇಳಿದ್ದೆನಲ್ಲ. ಎರಡನೆಯ ಟಕ್ಕಿಗೂ ಠಣ್‌ಗೂ ನಡುವೆ ಎಷ್ಟು ಹೊತ್ತು, ಠಣ್ ಆದ ಮೇಲೆ ಡುಬ್ ಬರಲು ಎಷ್ಟು ಹೊತ್ತು ಎಂಬುದು ನನ್ನ ಕಿವಿಗೆ ಬಾಯಿಪಾಠವಾಗಿತ್ತು. ಕಣ್ಣು ಮುಚ್ಚಿ ಅತ್ತೆಯ ನಡಿಗೆ ನಡೆಯುವುದು, ದನಿ ಬರಬೇಕಾದಲ್ಲಿ ನಿಲ್ಲುವುದು, "ಇಲ್ಲಿ ಸಿದ್ದಮ್ಮ" ಎನ್ನುವುದು. ಅವರು ನೂಕುವುದು, ಬೈಯುವುದು. ಹೀಗೆಯೇ ಅತ್ತೆ ಬರುವವರೆಗೂ ದಿನವೂ ನಡೆದು ನಡೆದು ನೋಡಿದೆ. ಒಲೆಯ ಪಕ್ಕ ಉಪ್ಪು ಏಕಿದೆ, ಬಾಗಿಲ ಚಿಲಕಕ್ಕೆ ಬಟ್ಟೆ ಏಕೆ ಸುತ್ತಿದೆ, ಒರಳು ಎಲ್ಲಿ ತಿರುಗಬೇಕೆಂದು ಹೇಳುತ್ತದೆ, ಎಲ್ಲ ತಿಳಿಯುತ್ತ ಬಂತು. ಅಷ್ಟು ತಿಂಗಳು ಜೊತೆಗಿದ್ದಾಗ ನನಗೆ ಸಿಗದ ಅತ್ತೆ, ಅವರಿಲ್ಲದ ಆ ದಿನಗಳಲ್ಲಿ ಸಿಕ್ಕರು. ಆ ಒಂಟಿತನಕ್ಕೆ ನಾನು ಇವತ್ತಿಗೂ ಋಣಿ.

ಅವರು ಬಂದ ದಿನ ಬಾಗಿಲಲ್ಲಿ ನಿಂತಿದ್ದೆ. ಅತ್ತೆಯ ಹಣೆಯಿಂದ ಹಸಿರು ಬಟ್ಟೆಯ ಮರೆ ಇಳಿಬಿದ್ದಿತ್ತು. ನಮ್ಮವರ ಮುಖದಿಂದ ಏನೂ ತಿಳಿಯಲಿಲ್ಲ. ಏನೂ ಹೇಳಬಾರದೆಂದು ಅವರಿಗೆ ಅತ್ತೆಯ ಅಪ್ಪಣೆಯಾಗಿತ್ತಂತೆ. ಅತ್ತೆ ನನ್ನನ್ನು ದಾಟಿ ಸೀದಾ ಒಳಗೆ ಹೋದರು. ಟಕ್, ಟಕ್. ಠಣ್. ಡುಬ್. ಕಣ್ಣು ಬಂದಿಲ್ಲ ಎಂದುಕೊಂಡೆ.

ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಅವರು ತಿರುಗಿದರು. ಹಸಿರು ಬಟ್ಟೆಯನ್ನು ಎತ್ತಿದರು.

"ನಾವು ಊರಿಗೋದಾಗ ಈ ಪೆಟ್ಟಿಗೇನೂ ಊರಿಗೋಗಿತ್ತೇನೆ? ಗೇಣುದ್ದ ಈಚೆ ಬಂದೈತೆ." ಆಮೇಲೆ, "ಬಾ ಇಲ್ಲಿ, ಬೆಳಕಿಗೆ."

ಹೋಗಿ ನಿಂತೆ. ಬಹಳ ಹೊತ್ತು ನೋಡಿದರು.

"ಇಷ್ಟೊಂದು ಸಣ್ಣಕ್ಕಿದ್ದೀಯಾ? ದನಿ ಕೇಳಿ ದಪ್ಪನ್ ಹುಡುಗಿ ಅನ್ಕೊಂಡಿದ್ದೆ," ಎಂದು ನನ್ನ ತಲೆ ಸವರಿದರು. "ಸುಳ್ಳಾಗ್ಲಿಲ್ಲ ಬಿಡು. ಚೆನ್ನಾಗೇ ಇದ್ದೀಯ."

ಆಮೇಲೆ ಅವರು ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಎಷ್ಟೋ ವರ್ಷ ಬಾಳಿದರು. ಉಂಗುರ ತಟ್ಟುವುದನ್ನು ಮಾತ್ರ ಬಿಡಲಿಲ್ಲ.

ಆ ಪೆಟ್ಟಿಗೆ ಈಗ ಕಡೂರಿನ ಈ ಮನೆಯ ಹಾಲ್‌ನಲ್ಲಿದೆ, ಟಿ.ವಿ.ಯ ಪಕ್ಕ. ನನ್ನ ಕಣ್ಣೂ ಮಂಜಾಗುತ್ತಿದೆ. ಸೊಸೆ ಅದನ್ನು ಒಂದು ದಿನವೂ ಕದಲಿಸಿಲ್ಲವೆಂಬುದನ್ನು ಇವತ್ತು ಗಮನಿಸಿದೆ. ನಾನೇನೂ ಹೇಳಿರಲಿಲ್ಲ. ಬರಲಿ, ಅವಳನ್ನು ಬೆಳಕಿಗೆ ಕರೆದು ಒಂದು ಸಲ ಸರಿಯಾಗಿ ನೋಡಬೇಕು.

ಅತ್ತೆಯನ್ನು ನಾನು ಕೊನೆಯ ಸಲ ನೋಡಿದ್ದು ಅಜ್ಜಂಪುರದ ಸ್ಟೇಷನ್ನಿನಲ್ಲಿ. ತರೀಕೆರೆಯ ಮಗಳ ಮನೆಗೆ ಹೊರಟಿದ್ದರು, ಅಲ್ಲೇ ತೀರಿಕೊಂಡರು. ರೈಲು ಕದಲುವಾಗ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. "ಹುಷಾರು ಕಣೆ, ಬತ್ತೀನಿ," ಎಂದು ಕಿಟಕಿಯ ಸರಳಿಗೆ ಉಂಗುರ ತಟ್ಟಿದರು. ಅದು ಕಬ್ಬಿಣದ ದನಿ. ನಮ್ಮ ಮನೆಯಲ್ಲಿ ಆ ದನಿ ಎಲ್ಲಿಯೂ ಇರಲಿಲ್ಲ.